ಏಳು ಹತ್ತರ ಬಸ್ಸಿನ ಕಪ್ಪೆ

ಐವತ್ತು ದಾಟಿದ ಹೆಂಗಸರಿಗೆ ಎಂಥ ಹಾಡು ಬೇಕು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಉಸಿರಿಗೆ ಹೇಳುತ್ತೇನೆ: ಮಂಡಿ ನೋವಿದ್ದರೂ ಎದ್ದು ನಿಂತು ಹಾಡಬೇಕು ಅನ್ನಿಸುವ ಹಾಡು. ಅಳಿಸುವ ಹಾಡು ನಮಗೆ ಬೇಡ. ಅಳುವುದಕ್ಕೆ ಈರುಳ್ಳಿ ಇದೆ, ಸತ್ತ ಅತ್ತೆಯ ನೆನಪಿದೆ, ಅಷ್ಟು ಸಾಕು.

ಬುಧವಾರ ನಮಗೆ ಅರ್ಧ ದಿನವಷ್ಟೇ ಕೆಲಸ, ಮಧ್ಯಾಹ್ನ ಒಂದೂವರೆಯಿಂದ ರೈಲು ನಿಲ್ದಾಣದ ಹಿಂದಿರುವ ಕರೋಕೆ ಅಂಗಡಿಯ ಆರನೇ ಕೋಣೆ ನನ್ನದು ಮತ್ತು ಮಿನೆಕೊಳದು. ಮಿನೆಕೊ ನನ್ನ ಜೊತೆ ಕೆಲಸ ಮಾಡುವವಳು. ಐವತ್ತೇಳು ವರ್ಷ, ಹೊಟ್ಟೆಗೆ ಎರಡು ಸಲ ಆಪರೇಷನ್ ಆಗಿದೆ, ಆದರೂ ಅವಳು ಮೈಕು ಹಿಡಿದರೆ ಪಕ್ಕದ ಕೋಣೆಯವರು ಗೋಡೆ ಬಡಿಯುತ್ತಾರೆ. ನಾವು ಹಾಡುವುದೆಲ್ಲ ನಾವು ಇಪ್ಪತ್ತರ ಆಸುಪಾಸಿನಲ್ಲಿದ್ದಾಗ ಬಂದ ಪಾಪ್ ಹಾಡುಗಳು. ಸೋಲಬೇಡ, ಓಡು, ಬಿದ್ದರೆ ಏಳು ಎಂದು ಹುರಿದುಂಬಿಸುವಂಥವು. ಆಗ ಅವು ಬರೀ ಕುಣಿಯುವುದಕ್ಕಿದ್ದವು, ಈಗ ಔಷಧಿಯಾಗಿವೆ. ಮೊದಲ ಆಪರೇಷನ್ನಿಗೆ ಹೋಗುವಾಗ ಮಿನೆಕೊ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಅಂಥದ್ದೊಂದನ್ನು ಗುನುಗುತ್ತಿದ್ದಳಂತೆ. ಎರಡನೇ ಸಾಲಿಗೆ ನರ್ಸೂ ದನಿ ಸೇರಿಸಿದಳಂತೆ. ಆ ನರ್ಸಿಗೂ ನಮ್ಮದೇ ವಯಸ್ಸು, ಅದಕ್ಕೆ.

ನನ್ನ ಹೆಸರು ಇತ್ಸುಕೊ, ನನಗೆ ಐವತ್ತನಾಲ್ಕು. ನಮ್ಮದು ತೊಯಾಮಾ ಕೊಲ್ಲಿಯ ದಡದ ಊರು. ಮೀನನ್ನು ಅರೆದು ಹಬೆಯಲ್ಲಿ ಬೇಯಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನಮ್ಮ ಕಡೆ ಮದುವೆಯೆಂದರೆ ಮದುವೆ ಮೀನು ಇರಲೇಬೇಕು. ಅದು ನಿಜವಾದ ಮೀನಲ್ಲ. ಅರೆದ ಮೀನಿನ ಹಿಟ್ಟಿನಲ್ಲೇ ಮೀನಿನ ಆಕಾರ ಮಾಡಿ, ಕೆಂಪು, ಹಳದಿ, ಹಸಿರು ಹಿಟ್ಟನ್ನು ಕೋನಿನಲ್ಲಿ ತುಂಬಿ, ಹುರುಪೆ, ರೆಕ್ಕೆ, ಬಾಲ ಎಲ್ಲವನ್ನೂ ಕೈಯಲ್ಲೇ ಬರೆಯುತ್ತೇವೆ. ಮದುವೆಗೆ ಬಂದವರು ಅದನ್ನು ಮನೆಗೆ ಒಯ್ದು, ಕೊಯ್ದು, ನೆರೆಮನೆಯವರಿಗೆ ಹಂಚುತ್ತಾರೆ. ಅದರಲ್ಲಿ ಕಷ್ಟವಿರುವುದು ಕಣ್ಣು. ಕಣ್ಣಿಟ್ಟ ಮೇಲೆ ಮೀನು ನಿಮ್ಮನ್ನು ನೋಡಬೇಕು. ನೋಡದಿದ್ದರೆ ಅದು ಬರೀ ಹಿಟ್ಟು.

ಏಪ್ರಿಲ್ ಮೊದಲ ಸೋಮವಾರ ನಮ್ಮ ಅಲಂಕಾರದ ಕೋಣೆಯ ಹಿರಿಯಳಾದ ತೊಮಿ ಅಜ್ಜಿಯ ಕೈಯಲ್ಲಿ ಒಂದು ಮೀನಿನ ಕಣ್ಣು ಜಾರಿ ಕೆನ್ನೆಗೆ ಬಂತು. ಅಜ್ಜಿಗೆ ಎಪ್ಪತ್ತಾರು. ಅಜ್ಜಿ ಆ ಮೀನನ್ನು ಪಕ್ಕಕ್ಕಿಟ್ಟು, ಮಧ್ಯಾಹ್ನ ತಾನೇ ಕೊಯ್ದು ತಿಂದು, ಕೈತೊಳೆದು ನನ್ನನ್ನು ಕರೆದಳು.

"ಏ ಇತ್ಸುಕೊ, ಈ ಕೋಣೆ ಇನ್ಮೇಲೆ ನೀನು ನೋಡ್ಕೊ."

"ನಾನಾ ಅಜ್ಜಿ?"

"ಇನ್ಯಾರು, ಗೋಡೆನಾ? ನಿನ್ನ ಮೀನು ನೋಡುತ್ತೆ. ಬೇರೆಯವರ ಮೀನು ಕಣ್ಣು ಬಿಟ್ಕೊಂಡು ನಿದ್ದೆ ಮಾಡುತ್ತೆ. ಶುಕ್ರವಾರ ಸಂಜೆಯೊಳಗೆ ಯಜಮಾನರಿಗೆ ಹೂಂ ಅಂತ ಹೇಳ್ಬೇಕು. ಯಾರೂ ಹೂಂ ಅನ್ನದಿದ್ರೆ ಅಚ್ಚು ತರಿಸ್ತಾರಂತೆ."

"ಅಚ್ಚಾ?"

"ಹಿಟ್ಟು ಹಾಕು, ಮುಚ್ಚು, ತೆಗಿ. ಊರಿನ ಮದುವೆಗೆಲ್ಲಾ ಒಂದೇ ಮುಖದ ಮೀನು." ಅಜ್ಜಿ ನಡುಗುವ ಕೈಯನ್ನು ಏಪ್ರನ್ನಿನೊಳಗೆ ಸೇರಿಸಿಕೊಂಡಳು. "ಹೊಸಬರು ಮೂವರಿಗೆ ಕಲಿಸ್ಬೇಕು. ಬೆಳಿಗ್ಗೆ ಆರಕ್ಕೆ ಬರ್ಬೇಕು. ಮದುವೆ ತಿಂಗಳಲ್ಲಿ ಶನಿವಾರವೂ ಬರ್ಬೇಕು. ಆಗುತ್ತಾ ನಿನ್ನ ಕೈಲಿ?"

ಆಗುತ್ತದೆ, ಯಾಕಾಗುವುದಿಲ್ಲ? ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ ಅಲ್ಲೇ ಕುಣಿದುಬಿಡುತ್ತಿದ್ದೆ. ಆದರೆ ನನ್ನ ಬಾಯಿಂದ ಬಂದದ್ದು "ಮನೇಲಿ ಕೇಳಿ ಹೇಳ್ತೀನಿ ಅಜ್ಜಿ" ಎಂಬ ಮಾತು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು.

ಮನೆಯಲ್ಲಿ ಕೇಳಬೇಕಾದವರು ಹಿಂದಿನ ದಿನವಷ್ಟೇ ಬಂದಿದ್ದರು. ನನ್ನ ಗಂಡ ಮೊರಿಯೊ ಸಿಮೆಂಟ್ ಕಂಪನಿಯಲ್ಲಿದ್ದವರು. ಕಂಪನಿ ಅವರನ್ನು ಹನ್ನೊಂದು ವರ್ಷ ದೂರದ ಊರುಗಳಿಗೆ ಹಾಕಿತ್ತು, ಮೊದಲು ಸೆಂದಾಯಿ, ಆಮೇಲೆ ಒಕಾಯಾಮಾ, ಕೊನೆಗೆ ಫುಕುಒಕಾ. ಇಲ್ಲಿ ಮನೆ, ಅತ್ತೆ, ಮಗಳ ಶಾಲೆ ನಾನೊಬ್ಬಳೇ ನೋಡಿಕೊಂಡೆ. ತಿಂಗಳ ಕೊನೆಯಲ್ಲಿ ಒಂದು ಸಲ ಅವರು ಬರುತ್ತಿದ್ದರು. ಅಲ್ಲಿಂದ ಹೊರಡುವಾಗ ಫೋನಿಗೆ ಒಂದು ಕಪ್ಪೆಯ ಚಿತ್ರ ಕಳಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಕಪ್ಪೆಗೂ 'ಕಾಯೆರು' ಎನ್ನುತ್ತೇವೆ, ಮನೆಗೆ ವಾಪಸಾಗುವುದಕ್ಕೂ 'ಕಾಯೆರು' ಎನ್ನುತ್ತೇವೆ. ಅದಕ್ಕೇ ಈ ದೇಶದ ಅರ್ಧ ಗಂಡಂದಿರು ಮನೆಗೆ ಹೊರಟಾಗ ಹೆಂಡತಿಗೆ ಕಪ್ಪೆ ಕಳಿಸುತ್ತಾರೆ. ಉಳಿದವರು ಕಪ್ಪೆಯ ಜೊತೆ ನಾಲ್ಕು ಮಾತಾದರೂ ಬರೆಯುತ್ತಿದ್ದರೇನೋ, ಮೊರಿಯೊ ಹನ್ನೊಂದು ವರ್ಷ ಬರೀ ಕಪ್ಪೆ ಕಳಿಸಿದರು.

ಮಾರ್ಚ್ ಕೊನೆಗೆ ಅವರು ನಿವೃತ್ತರಾದರು. ಕೊನೆಯ ಕಪ್ಪೆ ಬಂತು, ಹಿಂದೆಯೇ ಎರಡು ಸೂಟ್‌ಕೇಸಿನೊಡನೆ ಅವರೂ ಬಂದರು. ಅವತ್ತು ಊಟಕ್ಕೆ ಕೂತಾಗ ಮಿಸೊ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಇನ್ನು ನೀನೂ ಕೆಲಸ ಬಿಟ್ಬಿಡು ಇತ್ಸುಕೊ. ಹನ್ನೊಂದು ವರ್ಷ ಅಂಗಡಿ ಡಬ್ಬಿ ಊಟ ತಿಂದಿದೀನಿ, ಟೀವಿ ಎದುರಿಗೆ ಕೂತ್ಕೊಂಡು. ಇನ್ಮೇಲೆ ಮಧ್ಯಾಹ್ನ ಬಿಸಿ ಅನ್ನ, ಬಿಸಿ ಸಾರು, ಎದುರಿಗೆ ನೀನು. ಅಷ್ಟೇ ಸಾಕು ನಂಗೆ."

ಅವರು ದರ್ಪದಿಂದ ಹೇಳಿದ್ದರೆ ನಾನೂ ದರ್ಪದಿಂದಲೇ ಉತ್ತರ ಕೊಡುತ್ತಿದ್ದೆ. ಸಿಟ್ಟು ಬಂದರೆ ನನ್ನ ಮೂಗಿನ ತುದಿ ಕೆಂಪಾಗುತ್ತದೆ, ಊರಿಗೆಲ್ಲ ಗೊತ್ತು. ಆದರೆ ಅವರ ಕಣ್ಣು ಒದ್ದೆಯಾಗಿತ್ತು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಬುಧವಾರ ಆರನೇ ಕೋಣೆಯಲ್ಲಿ ಮಿನೆಕೊ ಹಾಡಿನ ಪಟ್ಟಿ ಒತ್ತುತ್ತ ಕೂತಿದ್ದವಳು ಕಿರುಚಿದಳು.

"ಅಯ್ಯಯ್ಯೋ, ನೋಡೇ ಇಲ್ಲಿ! ಈ ತಿಂಗಳು ಹೊಸದಾಗಿ ಸೇರಿಸಿರೋದ್ರಲ್ಲಿ ನಿನ್ನ ಬಸ್ಸು ಬಂದಿದೆ!"

ನನ್ನ ಬಸ್ಸು ಎಂದರೆ 'ಏಳು ಹತ್ತರ ಬಸ್ಸು' ಎಂಬ ಹಾಡು. ಅದನ್ನು ಹಾಡಿದವಳು ಎರಡು ಹಾಡು ಹಾಡಿ ಎಲ್ಲಿ ಹೋದಳೋ ಯಾರಿಗೂ ಗೊತ್ತಿಲ್ಲ. ಆ ಹಾಡು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಕರೋಕೆ ಯಂತ್ರದಲ್ಲೂ ಇರಲಿಲ್ಲ. ರೇಡಿಯೊದಿಂದ ನಾನೇ ತುಂಬಿಸಿಕೊಂಡ ಕ್ಯಾಸೆಟ್ ಒಂದಿತ್ತು, ಅದರ ಶುರುವಿನಲ್ಲಿ ಉದ್ಘೋಷಕ ಕೆಮ್ಮುತ್ತಾನೆ. ಮೂವತ್ತೆರಡು ವರ್ಷದಿಂದ ನಾನು ಅದನ್ನು ಗುನುಗುತ್ತಲೇ ಬಂದಿದ್ದೇನೆ. ಮೀನಿನ ಹುರುಪೆ ಬರೆಯುವುದೂ ಅದರ ತಾಳಕ್ಕೇ, ಒಂದು ಏಟಿಗೆ ಒಂದು ಹುರುಪೆ.

ನಾನು ಎದ್ದು ನಿಂತೆ. ಸಂಗೀತ ಶುರುವಾಯಿತು. ಪರದೆಯ ಮೇಲೆ ಹಾಡಿಗೂ ತನಗೂ ಸಂಬಂಧವಿಲ್ಲವೆಂಬಂತೆ ಯಾವುದೋ ಜೋಡಿ ಸಮುದ್ರದ ದಡದಲ್ಲಿ ಐಸ್‌ಕ್ರೀಮ್ ತಿನ್ನುತ್ತಿತ್ತು. ಅದರ ಕೆಳಗೆ ಸಾಲುಗಳು ಬಂದವು. ಕನ್ನಡಿಗೆ ಒಂದು ನಗು ಕೊಟ್ಟು, ಕೂದಲು ಬಿಗಿದು ಕಟ್ಟಿ, ಏಳು ಹತ್ತರ ಬಸ್ಸು ಹತ್ತಿ, ನಾಳೆ, ಕಾಯೆರು...

ಅಲ್ಲಿಗೆ ನಾನು ಪರದೆಯ ಹತ್ತಿರ ಒಂದು ಹೆಜ್ಜೆ ಇಟ್ಟೆ.

ನಮ್ಮ ಬರವಣಿಗೆಯಲ್ಲಿ ಅರ್ಥ ಹೇಳುವ ಅಕ್ಷರಗಳು ಬೇರೆ, ಬರೀ ಉಚ್ಚಾರ ಹೇಳುವ ಅಕ್ಷರಗಳು ಬೇರೆ. ಕಾಯೆರು ಎಂದರೆ ಮನೆಗೆ ವಾಪಸಾಗುತ್ತೇನೆ ಎಂದಾಗಬಹುದು, ಬದಲಿಸುತ್ತೇನೆ ಎಂದೂ ಆಗಬಹುದು. ಬಾಯಲ್ಲಿ ಹಾಡಿದರೆ ಎರಡೂ ಒಂದೇ. ಬರೆದರೆ ಮಾತ್ರ ಗೊತ್ತಾಗುತ್ತದೆ, ಏಕೆಂದರೆ ಎರಡಕ್ಕೂ ಅರ್ಥದ ಅಕ್ಷರ ಬೇರೆ ಬೇರೆ. ಪರದೆಯ ಮೇಲೆ ಇದ್ದದ್ದು ಮನೆಗೆ ವಾಪಸಾಗುವ ಅಕ್ಷರವಲ್ಲ, ಬದಲಿಸುವ ಅಕ್ಷರ. ಎರಡನೇ ಚರಣದ ಕೊನೆಗೂ ಅದೇ ಬಂತು. ನಾಳೆ, ಬದಲಿಸುತ್ತೇನೆ.

ನಾನು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಸೋಫಾದ ಮೇಲೆ ಕುಸಿದೆ.

"ಏನಾಯ್ತೇ? ಸೊಂಟ ಹಿಡ್ಕೊಂಡ್ತಾ?"

"ಮಿನೆಕೊ, ಅದು ಮನೆಗೆ ಹೋಗೋ ಕಾಯೆರು ಅಲ್ವಂತೆ ಕಣೇ. ಬದಲಿಸೋ ಕಾಯೆರು."

ಮಿನೆಕೊ ಎರಡು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ನ ಹೊಲಿಗೆ ಬಿಚ್ಚೋಗತ್ತೆ! ಮೂವತ್ತು ವರ್ಷ ತಪ್ಪು ಬಸ್ಸಲ್ಲಿ ಕೂತಿದ್ದೀಯಲ್ಲೇ! ಕಪ್ಪೆ ಅಂದ್ಕೊಳ್ಳಲಿಲ್ವಲ್ಲ, ಸದ್ಯ!"

"ನಗಬೇಡ ಕಣೇ, ಕೇಳು," ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಅವಳು ನಗು ನಿಲ್ಲಿಸಿದಳು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಒಸಾಕಾದ ಒಂದು ಕೇಕ್ ಅಂಗಡಿಯಲ್ಲಿದ್ದೆ. ಸಕ್ಕರೆಯಲ್ಲಿ ಹೂ ಮಾಡುವುದು ನನ್ನ ಕೆಲಸ. ಮುಂದಿನ ವರ್ಷದಿಂದ ಮದುವೆ ಕೇಕೆಲ್ಲ ನೀನೇ ಮಾಡು ಎಂದು ಅಲ್ಲಿನ ಒಡೆಯರು ಹೇಳಿದ ವಾರವೇ ಅಮ್ಮ ಫೋನ್ ಮಾಡಿದಳು. ಗಂಡು ನೋಡಿದ್ದೇವೆ, ವಾಪಸು ಬಾ ಎಂದಳು. ಒಂದು ವಾರ ನನಗೆ ನಿದ್ದೆಯಿಲ್ಲ. ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ರೇಡಿಯೊದಲ್ಲಿ ಆ ಹಾಡು ಬಂತು. ಹಾಡುವವಳು ನನ್ನ ಹೆಸರು ಹಿಡಿದು ಕರೆದ ಹಾಗಾಯಿತು. ಏಳು ಹತ್ತರ ಬಸ್ಸು, ನಾಳೆ ಮನೆಗೆ ವಾಪಸಾಗುತ್ತೇನೆ. ಬಸ್ಸೆಂದರೆ ಊರಿಗೆ ಹೋಗುವ ಬಸ್ಸಲ್ಲದೆ ಇನ್ನೇನು? ಎಷ್ಟು ಧೈರ್ಯದಿಂದ ಹಾಡುತ್ತಾಳೆ, ವಾಪಸಾಗುವುದಕ್ಕೂ ಧೈರ್ಯ ಬೇಕು ಎಂದುಕೊಂಡೆ. ಮರುದಿನವೇ ಪೆಟ್ಟಿಗೆ ಕಟ್ಟಿದೆ.

"ಒಂದು ಅಕ್ಷರ ನೋಡದೆ ಬದುಕೇ ನಡೆದುಹೋಯ್ತಲ್ಲೇ," ಎಂದೆ. ನನಗೆ ಅಳು ಬಂದುಬಿಟ್ಟಿತ್ತು, ಈರುಳ್ಳಿ ಇಲ್ಲದೆ.

ಮಿನೆಕೊ ತನ್ನ ಕರವಸ್ತ್ರವನ್ನು ನನ್ನ ಮಡಿಲಿಗೆ ಎಸೆದಳು. "ನಡೆದಿದ್ದಕ್ಕೆ ಯಾಕೆ ಅಳ್ತೀಯ? ಮಗಳಿದಾಳೆ, ಮೀನಿದೆ, ನಾನಿದೀನಿ. ಅದೇನೂ ಕೆಟ್ಟ ಬದುಕಲ್ಲ. ಈಗ ಅಕ್ಷರ ಗೊತ್ತಾಯ್ತಲ್ಲ. ಶುಕ್ರವಾರ ಯಾವ ಅಕ್ಷರ ಬರೀತೀಯ, ಅದನ್ ಹೇಳು."

"ನಮ್ಮನೆಯವರ ಮುಂದೆ ಬಾಯೇ ಬರಲ್ಲ ಕಣೇ. ಕಣ್ಣಲ್ಲಿ ನೀರು ತಂದ್ಕೊಂಡು ಕೂತ್ಕೋತಾರೆ."

"ಹಾಗಾದ್ರೆ ಇಲ್ಲಿಗೇ ಕರ್ಕೊಂಡ್ ಬಾ. ನಿಂಗೆ ಮನೇಲಿ ಬಾಯಿಲ್ಲ, ಮೈಕು ಕೊಟ್ರೆ ಮಾತ್ರ ಯಾರಪ್ಪನ ಮಾತೂ ಕೇಳಲ್ಲ."

ಗುರುವಾರ ನಾಲ್ಕೂವರೆಗೆ ಮನೆಗೆ ಬಂದಾಗ ಮೊರಿಯೊ ಊಟದ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಏನೂ ಇರಲಿಲ್ಲ.

"ಊಟ ಮಾಡಿದ್ರಾ?"

"ಇಲ್ಲ. ಒಬ್ನೇ ತಿನ್ನೋದು ಸಾಕಾಗಿದೆ."

ಫ್ರಿಜ್ಜಿನಲ್ಲಿ ಅನ್ನವಿತ್ತು, ಮೀನಿತ್ತು, ಉಪ್ಪಿನಕಾಯಿಯಿತ್ತು. ಅರವತ್ತು ವರ್ಷದ ಮನುಷ್ಯ ಬಾಗಿಲು ತೆಗೆದು ನೋಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಆದರೆ ಅವರ ಭುಜಗಳು ಜೋತುಬಿದ್ದಿದ್ದವು. ಫುಕುಒಕಾದ ಕೋಣೆಯಲ್ಲಿ ಎಷ್ಟು ಸಂಜೆ ಹೀಗೆ ಕೂತಿದ್ದರೋ ಏನೋ. ಆಯಿತು, ಬಿಟ್ಟುಬಿಡುತ್ತೇನೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಸತ್ಯವಾಗಿಯೂ ಬಂದಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬೇರೆ ಮಾತು ಹೇಳಿದೆ.

"ನಾಳೆ ಮಧ್ಯಾಹ್ನ ರಜ ಹಾಕ್ತೀನಿ. ನನ್ನ ಜೊತೆ ಒಂದು ಕಡೆ ಬನ್ನಿ."

"ಎಲ್ಲಿಗೆ?"

"ಕೇಳ್ಬೇಡಿ, ಬನ್ನಿ. ಹನ್ನೊಂದು ವರ್ಷ ನಾನು ಎಲ್ಲಿಗೆ, ಯಾಕೆ ಅಂತ ಕೇಳಿದೀನಾ?"

ಶುಕ್ರವಾರ ಆರನೇ ಕೋಣೆಯ ಸೋಫಾದ ತುದಿಯಲ್ಲಿ ಮೊರಿಯೊ ದಂತವೈದ್ಯರಲ್ಲಿಗೆ ಬಂದವರ ಹಾಗೆ ಕೂತರು. ಹಸಿರು ಸೋಡಾ ತರಿಸಿಕೊಟ್ಟೆ. ಅಲ್ಲಿದ್ದ ಖಂಜಿರವನ್ನು ಎತ್ತಿ ನೋಡಿ, ಅದು ಝಲ್ಲೆಂದಾಗ ಬೆಚ್ಚಿ ಕೆಳಗಿಟ್ಟರು.

"ಇಲ್ಲಿಗೆ ಬರ್ತಿರ್ತೀಯಾ ನೀನು?"

"ಪ್ರತಿ ಬುಧವಾರ. ಒಂಬತ್ತು ವರ್ಷದಿಂದ."

"ಹೇಳೇ ಇಲ್ವಲ್ಲ."

"ಕಪ್ಪೆಗೆ ಏನಂತ ಉತ್ತರ ಬರೀಲಿ?"

ಅವರು ಸೋಡಾ ಹೀರಿದರು. ನಾನು ಮೈಕು ಹಿಡಿದು ಎದ್ದು ನಿಂತೆ, ಬೆನ್ನು ನೆಟ್ಟಗೆ ಮಾಡಿಕೊಂಡೆ. ಐಸ್‌ಕ್ರೀಮ್ ತಿನ್ನುವ ಜೋಡಿ ಮತ್ತೆ ಬಂತು. ಈ ಸಲ ನಾನು ಹೆದರಲಿಲ್ಲ. ಮೊದಲ ಚರಣದ ಕೊನೆಗೆ ಆ ಅಕ್ಷರ ಬಂದಾಗ ಅದನ್ನು ನೋಡಿಕೊಂಡೇ ಹಾಡಿದೆ. ಎರಡನೆಯದಕ್ಕೆ ಇನ್ನೂ ಗಟ್ಟಿಯಾಗಿ ಹಾಡಿದೆ. ಪಕ್ಕದ ಕೋಣೆಯವರು ಗೋಡೆ ಬಡಿದರು. ಬಡಿಯಲಿ! ಒಸಾಕಾದ ಹುಡುಗಿ ಸುಮ್ಮನಿದ್ದದ್ದು ಸಾಕು ಎಂದುಕೊಂಡು ಹಾಡಿದೆ.

ಮೂರನೇ ಚರಣ ಬುಧವಾರ ನಾನು ನೋಡಿರಲಿಲ್ಲ, ಅದಕ್ಕೆ ಮೊದಲೇ ನಿಲ್ಲಿಸಿಬಿಟ್ಟಿದ್ದೆ. ಕೂದಲಿಗೆ ಬಿಳಿ ಬಂದರೂ, ಬೂಟಿನ ಹಿಮ್ಮಡಿ ಸವೆದರೂ, ಏಳು ಹತ್ತರ ಬಸ್ಸು ಇವತ್ತೂ ಬರುತ್ತದೆ, ನಾಳೆ... ಕೊನೆಯ ಮಾತು ಪರದೆಯ ಮೇಲೆ ಬಂತು. ಅದಕ್ಕೆ ಅರ್ಥದ ಅಕ್ಷರವೇ ಇರಲಿಲ್ಲ. ಕಾ, ಯೆ, ರು. ಬರೀ ಉಚ್ಚಾರ. ಮಗು ಬರೆದ ಹಾಗೆ ಮೂರು ಅಕ್ಷರ.

ನಾನು ಮೈಕನ್ನು ಬಾಯಿಂದ ಕೆಳಗಿಳಿಸಿದೆ. ಆ ಒಂದು ಮಾತು ಹಾಡದೆಯೇ ಹಾಡು ಮುಗಿಯಿತು. ಯಂತ್ರ ಎಪ್ಪತ್ತೊಂದು ಅಂಕ ಕೊಟ್ಟಿತು.

ಮೊರಿಯೊ ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡುತ್ತಿದ್ದರು. ಸಿಮೆಂಟಿನ ರಸೀದಿಗಳನ್ನು ಮೂವತ್ತೆಂಟು ವರ್ಷ ತಿದ್ದಿದ ಕಣ್ಣು ಅದು.

"ಮೊದಲೆರಡಕ್ಕೂ ಅಕ್ಷರ ಹಾಕಿದಾರೆ, ಕೊನೇದಕ್ಕೆ ಹಾಕಿಲ್ಲ. ಇದು ಯಾವ ಕಾಯೆರು? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ. ಅಚ್ಚಿನ ತಪ್ಪಿರ್ಬೇಕು."

"ತಪ್ಪಲ್ಲ ರೀ," ಎಂದೆ. ಹೇಳುತ್ತಿದ್ದಂತೆಯೇ ಅದು ನನಗೂ ತಿಳಿಯಿತು. "ಬೇಕಂತಲೇ ಬಿಟ್ಟಿದಾರೆ. ಹಾಡೋರು ಹಾಕ್ಕೊಳ್ಳಲಿ ಅಂತ."

"ಹಾಗಾದ್ರೆ ನೀನು ಯಾವ್ದು ಹಾಕ್ತೀಯ?"

ಮೈಕು ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ಆರಿಸದೆಯೇ ಮಾತಾಡಿದೆ, ನನ್ನ ದನಿ ನಾಲ್ಕು ಮೂಲೆಯಿಂದಲೂ ಕೇಳಿಸಿತು.

"ಇಪ್ಪತ್ತೆರಡರಲ್ಲಿ ವಾಪಸಾಗೋ ಅಕ್ಷರ ಹಾಕ್ದೆ. ಈಗ ಬದಲಿಸೋದು ಹಾಕ್ತೀನಿ. ತೊಮಿ ಅಜ್ಜಿಯ ಕೋಣೆ ಇನ್ಮೇಲೆ ನಂದು. ಸೋಮವಾರದಿಂದ ಬೆಳಿಗ್ಗೆ ಆರಕ್ಕೆ ಹೋಗ್ತೀನಿ. ನೀವು ಮನೆಗೆ ಬಂದಿದೀರಿ, ನಂಗೆ ಖುಷೀನೇ. ಎದುರಿಗೆ ಕೂತು ಊಟ ಮಾಡೋಕೆ ನಂಗೂ ಆಸೆ ಇದೆ, ಸಂಜೆ ಮಾಡೋಣ. ಆದ್ರೆ ನೀವು ವಾಪಸ್ ಬಂದ್ರಿ ಅಂತ ನಾನೂ ವಾಪಸ್ ಬರ್ಬೇಕು ಅಂದ್ರೆ ಹೇಗೆ? ನಾನು ಎಲ್ಲಿಗೂ ಹೋಗೇ ಇರ್ಲಿಲ್ವಲ್ಲ ರೀ!"

ಮೊರಿಯೊ ಕೊಳವೆ ಬಾಯಿಗಿಟ್ಟು ಹೀರಿದರು. ಸೋಡಾ ತಳಮುಟ್ಟಿ ಸೊರ್ರೆಂದಿತು. ಕೊನೆಗೆ ಎದ್ದು, ಟೋಪಿ ಹಾಕಿಕೊಂಡು, "ನಾನು ನಡ್ಕೊಂಡ್ ಹೋಗ್ತೀನಿ" ಎಂದರು.

ನಾನು ನೇರ ಕಾರ್ಖಾನೆಗೆ ಹೋದೆ. ಯಜಮಾನರು ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದರು. "ಹೂಂ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ತೊಮಿ ಅಜ್ಜಿಗೆ ಅರ್ಥವಾಯಿತು. ಅವಳು ಬಂದು ಏಪ್ರನ್ನಿನ ಜೇಬಿನಿಂದ ತನ್ನ ಹಿತ್ತಾಳೆಯ ಕೋನ್ ತುದಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅದು ಐವತ್ತು ವರ್ಷ ಮೀನಿನ ಕಣ್ಣಿಟ್ಟ ತುದಿ.

ಶನಿವಾರ, ಭಾನುವಾರ ಮೊರಿಯೊ ಮುಖ ಊದಿಸಿಕೊಂಡು ಬೇಸ್‌ಬಾಲ್ ನೋಡಿದರು. ನಾನೂ ಬೇಡಿಕೊಳ್ಳಲು ಹೋಗಲಿಲ್ಲ. ಬಟ್ಟೆ ಒಗೆಯುತ್ತ ಏಳು ಹತ್ತರ ಬಸ್ಸನ್ನು ಗುನುಗಿದೆ. ಸೋಮವಾರ ಬೆಳಿಗ್ಗೆ ಐದೂವರೆಗೆ ನಾನು ಬೂಟು ಹಾಕಿಕೊಳ್ಳುವಾಗ ಒಳಗೆ ಅವರು ಎದ್ದು ಕೂತ ಸದ್ದು ಕೇಳಿಸಿತು. ಕಾದು ನೋಡಿದೆ. ಬಾಗಿಲ ಹತ್ತಿರ ಯಾರೂ ಬರಲಿಲ್ಲ. ಮನಸ್ಸು ಪೆಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಹೊರಟೆ.

ಅವತ್ತು ಹನ್ನೆರಡು ಮೀನಿಗೆ ಕಣ್ಣಿಟ್ಟೆ. ಹನ್ನೆರಡೂ ನನ್ನನ್ನು ನೋಡಿದವು. ಹೊಸ ಹುಡುಗಿಯರು ಮೂವರೂ ನನ್ನ ಕೈಯನ್ನೇ ನೋಡುತ್ತಿದ್ದರು. "ತಾಳ ತಪ್ಪಬಾರ್ದು ಕಣ್ರೇ, ಒಂದು ಏಟಿಗೆ ಒಂದು ಹುರುಪೆ," ಎಂದು ಹೇಳಿಕೊಡುತ್ತಿದ್ದಾಗ ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಗಡಿಯಾರದಲ್ಲಿ ಹನ್ನೆರಡೂವರೆ. ನನ್ನ ಎರಡೂ ಕೈ ಕೆಂಪು ಹಿಟ್ಟು. ಮಿನೆಕೊ ಕೈತೊಳೆದು, ಒರೆಸಿಕೊಂಡು, ನನ್ನ ಜೇಬಿನಿಂದ ಫೋನು ಎಳೆದಳು.

"ನಿನ್ನ ಗಂಡಂದು. ಕಪ್ಪೆ ಕಳಿಸಿದಾರೆ," ಎಂದು ಹುಬ್ಬು ಗಂಟಿಕ್ಕಿದಳು. "ಮನೇಲೇ ಇದಾರಲ್ಲೇ ಅವರು? ಇನ್ನೆಲ್ಲಿಂದ ಮನೆಗೆ ವಾಪಸಾಗ್ತಾರಂತೆ?"

"ತೋರ್ಸು."

ಕಪ್ಪೆಯ ಕೆಳಗೆ ಒಂದು ಫೋಟೊ ಇತ್ತು. ನಮ್ಮ ಊಟದ ಮೇಜು. ಅದರ ಮೇಲೆ ಎರಡು ಬಟ್ಟಲು ಮಿಸೊ ಸಾರು. ತೋಫುವನ್ನು ಇಟ್ಟಿಗೆಯಷ್ಟು ದಪ್ಪ ಕೊಯ್ದಿದ್ದರು. ಒಂದು ಬಟ್ಟಲು ಅರ್ಧ ಖಾಲಿಯಾಗಿತ್ತು. ಇನ್ನೊಂದಕ್ಕೆ ತಣ್ಣಗಾಗದಿರಲೆಂದು ತಟ್ಟೆ ಮುಚ್ಚಿತ್ತು.

ನಾನು ಹಿಟ್ಟಿನ ಕೈಗಳನ್ನು ಮೇಲೆತ್ತಿ ಹಿಡಿದುಕೊಂಡು ನಿಂತೆ, ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

"ಮಿನೆಕೊ," ಎಂದೆ, "ಇದು ಮನೆಗೆ ವಾಪಸಾಗೋ ಕಪ್ಪೆ ಅಲ್ಲ ಕಣೇ, ಇನ್ನೊಂದು ಕಾಯೆರು."